‘ಸ್ವಿಮ್ಮಿಂಗ್ ಪೂಲ್’: ಕೊನೆಯಲ್ಲಿ ಬರುವ ಆ ಹುಡುಗಿ ಯಾರು?

ತುಂಗಾತೀರ, ತೀರ್ಥಹಳ್ಳಿ:
ಕಳೆದ ವಾರದ ಬಿಡದ ಮಳೆಯಲ್ಲಿ ಮನೆಯೊಳಗೇ ಕೂತು ಫ್ರಾನ್ಸ್ವಾ ಓಜೋನ್ ಅವರ 2003ರ ‘ಸ್ವಿಮ್ಮಿಂಗ್ ಪೂಲ್’ ನೋಡಿದೆ. (ಚಿತ್ರ ನೋಡಿರದವರು ಮುಂದೆ ಓದದಿರುವುದೇ ಒಳ್ಳೆಯದು, ಗುಟ್ಟೆಲ್ಲ ಇಲ್ಲಿದೆ.) ಲಂಡನ್ನಿನ ಪತ್ತೇದಾರಿ ಕಾದಂಬರಿಗಾರ್ತಿ ಸಾರಾ ಮಾರ್ಟನ್, ಬರವಣಿಗೆ ಬೇಸರವಾಗಿ, ಪ್ರಕಾಶಕ ಜಾನ್‌ನ ಮಾತಿನಂತೆ ದಕ್ಷಿಣ ಫ್ರಾನ್ಸಿನಲ್ಲಿರುವ ಅವನ ಮನೆಗೆ ಹೋಗುತ್ತಾಳೆ. ಅವನ ಮಗಳು ತಾನೆಂದು ಹೇಳಿಕೊಂಡು ಜೂಲಿ ಅಲ್ಲಿಗೆ ಬರುತ್ತಾಳೆ. ಇಬ್ಬರಿಗೂ ಮೊದಲು ಜಗಳ, ಆಮೇಲೆ ಒಂದು ಬಗೆಯ ಸಲುಗೆ, ಕೊನೆಗೆ ಹೋಟೆಲಿನ ಮಾಣಿಯ ಕೊಲೆ. ಹೆಣವನ್ನು ಇಬ್ಬರೂ ಸೇರಿ ಹೂಳುತ್ತಾರೆ. ಇಷ್ಟಾದ ಮೇಲೆ ಲಂಡನ್ನಿನ ಕಚೇರಿಯಲ್ಲಿ ಕಾಣುವ ಜಾನ್‌ನ ಮಗಳು ಜೂಲಿಯಾ ಬೇರೆಯೇ ಹುಡುಗಿ! ಹಾಗಾದರೆ ಯಾವುದು ನಡೆದದ್ದು, ಯಾವುದು ಬರೆದದ್ದು? ತಿಳಿದವರು ದಯವಿಟ್ಟು ಹೇಳಬೇಕು.

ಅರ್ಥಪ್ರಿಯ, ಸಾಗರ:
ನಮ್ಮ ಕಡೆ ಮಳೆಗಾಲದ ತಾಳಮದ್ದಳೆಯಲ್ಲಿ (ವೇಷ, ಕುಣಿತವಿಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನ) ಕೂತವರಿಗೆ ಈ ಚಿತ್ರ ಅಷ್ಟು ಕಷ್ಟವಾಗಬಾರದು. ಭಾಗವತರು ಹಾಡುವ ಪದ್ಯ ಪ್ರಸಂಗದಲ್ಲಿ ಇದ್ದದ್ದೇ. ಆದರೆ ಅರ್ಥಧಾರಿ ಆ ನಾಲ್ಕು ಸಾಲನ್ನು ಹಿಡಿದು ಅರ್ಧ ಗಂಟೆ ಕಟ್ಟುವ ಮಾತು ಅವನದೇ. ಸಾರಾಳ ಕೈಗೆ ಸಿಕ್ಕ ಪದ್ಯವೆಂದರೆ ಒಂದು ಖಾಲಿ ಮನೆ, ಹೊದಿಕೆ ಮುಚ್ಚಿದ ಕೊಳ, ಹಳ್ಳಿಯ ಕೆಫೆಯ ಮಾಣಿ, ಮುದುಕ ತೋಟಗಾರ ಮಾರ್ಸೆಲ್, ಮತ್ತು ಪ್ರಕಾಶಕನಿಗೆ ಮಗಳೊಬ್ಬಳಿದ್ದಾಳೆಂಬ ಸುದ್ದಿ. ಜೂಲಿಯಾ ಎಂಬ ಹೆಸರಿನ ತುದಿಯನ್ನು ಚೂರು ಮುರಿದು ಜೂಲಿಯನ್ನು ಮಾಡಿಕೊಂಡು, ಉಳಿದ ಅರ್ಥವನ್ನೆಲ್ಲ ಅವಳೇ ಹೇಳಿದ್ದಾಳೆ ಎಂಬುದು ನನ್ನ ಓದು. ಊಟವನ್ನು ಗಮನಿಸಿ: ಸಪ್ಪೆ ಮೊಸರು ತಿನ್ನುತ್ತಿದ್ದವಳು ಜೂಲಿ ತಂದಿಟ್ಟ ಮಾಂಸದ ತಿನಿಸನ್ನು ಕದ್ದು ರುಚಿ ನೋಡುತ್ತಾಳೆ. ಬರೆಯುವವಳ ಹಸಿವು ತೆರೆದುಕೊಳ್ಳುವುದು ಅಲ್ಲಿಂದ.

ಕಾಡುಕೋಣ, ಹೊಸನಗರ:
ಇದನ್ನು ನಾನು ಒಪ್ಪಲಾರೆ. ಎಲ್ಲವೂ ಕಲ್ಪನೆಯೆಂದು ಹೇಳಿಬಿಡುವುದು ಸುಲಭ, ಆದರೆ ಜಾನ್‌ಗೆ ಇಬ್ಬರು ಹೆಣ್ಣುಮಕ್ಕಳಿರಬಾರದೇಕೆ? ಒಬ್ಬಳು ಲಂಡನ್ನಿನ ಸಂಸಾರದವಳು, ಇನ್ನೊಬ್ಬಳು ಅವನು ಬಾಯಿಬಿಡದ ಫ್ರೆಂಚ್ ಸಂಬಂಧದವಳು. ಜೂಲಿಯ ತಾಯಿಯ ವಿಷಯವೆತ್ತಿದಾಗ ಮಾರ್ಸೆಲ್‌ನ ಮಗಳು ಬೆದರಿ ಬಾಗಿಲು ಹಾಕಿಕೊಳ್ಳುವುದನ್ನು ನೀವು ಯಾವ ಲೆಕ್ಕಕ್ಕೆ ಸೇರಿಸುತ್ತೀರಿ?

ಅರ್ಥಪ್ರಿಯ, ಸಾಗರ:
ಆ ದೃಶ್ಯವೂ ಪತ್ತೇದಾರಿ ಕಾದಂಬರಿಯ ಹಳೆಯ ವರಸೆಯೇ ಅಲ್ಲವೇ? ಬರೆದವಳ ಕಸುಬು ಅದು. ಆದರೂ ತಮ್ಮ ಓದನ್ನು ಚಿತ್ರ ಪೂರ್ತಿ ಅಲ್ಲಗಳೆಯುವುದಿಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ.

ಬಿಸಿಲುಕೋಲು, ಶಿವಮೊಗ್ಗ:
ನೀವಿಬ್ಬರೂ ಕತೆಯನ್ನಷ್ಟೇ ಹಿಡಿದು ವಾದಿಸುತ್ತಿದ್ದೀರಿ. ಕಣ್ಣಿಗೆ ಕಾಣುವುದನ್ನು ಸ್ವಲ್ಪ ನೋಡೋಣ. ಛಾಯಾಗ್ರಾಹಕ ಯೋರಿಕ್ ಲ ಸೋ ಲಂಡನ್ನನ್ನು ನಮ್ಮ ಆಗುಂಬೆಯ ಆಷಾಢದಷ್ಟೇ ಮಂಕಾಗಿ ತೋರಿಸಿ, ಫ್ರಾನ್ಸಿಗೆ ಬಂದೊಡನೆ ಬಿಸಿಲನ್ನೂ ನೀಲಿಯನ್ನೂ ಕೈತುಂಬ ಸುರಿಯುತ್ತಾರೆ. ಆ ಕೊಳವನ್ನೇ ನೋಡಿ: ಮೊದಲು ಹೊದಿಕೆ, ಅದರ ಮೇಲೆ ತರಗೆಲೆ, ಸಾರಾ ಗಲೀಜೆಂದು ದೂರ ನಿಲ್ಲುತ್ತಾಳೆ, ಜೂಲಿ ಅದಕ್ಕೇ ಇಳಿಯುತ್ತಾಳೆ. ಕೊಳ ಸ್ವಚ್ಛವಾದಂತೆಲ್ಲ ಕಂಪ್ಯೂಟರಿನ ಮೇಲೆ ಸಾರಾಳ ಬೆರಳು ಓಡುತ್ತದೆ. ಸಾರಾ ಆಗಿ ನಟಿಸಿದ ಶಾರ್ಲಟ್ ರ‍್ಯಾಂಪ್ಲಿಂಗ್ ಮಾತಿಗಿಂತ ಹೆಚ್ಚಾಗಿ ಕಿಟಕಿಯಿಂದ ನೋಡುವುದರಲ್ಲೇ ಪಾತ್ರವನ್ನು ಕಟ್ಟಿದ್ದಾರೆ. ಆ ವರ್ಷದ ಯುರೋಪಿಯನ್ ಫಿಲ್ಮ್ ಅವಾರ್ಡ್ ಅವರಿಗೆ ಸುಮ್ಮನೆ ಬರಲಿಲ್ಲ. ನಮ್ಮಲ್ಲಿ 2015ರ ‘ರಂಗಿತರಂಗ’ದಲ್ಲೂ ಹೆಸರು ಮರೆಸಿಕೊಂಡ ಕಾದಂಬರಿಕಾರನಿದ್ದಾನೆ, ಆದರೆ ಅಲ್ಲಿ ಗಂಟನ್ನು ಬಿಚ್ಚಿಯೇ ಪ್ರೇಕ್ಷಕರನ್ನು ಮನೆಗೆ ಕಳಿಸುತ್ತಾರೆ. ಓಜೋನ್ 2012ರ ‘ಇನ್ ದ ಹೌಸ್’ನಲ್ಲೂ ಹುಡುಗನೊಬ್ಬನ ಬರವಣಿಗೆಯನ್ನು ಮುಂದಿಟ್ಟುಕೊಂಡು ಇದೇ ಆಟ ಆಡಿದ್ದಾರೆ, ಅದನ್ನೂ ನೋಡಿ.

ತುಂಗಾತೀರ, ತೀರ್ಥಹಳ್ಳಿ:
ಎಲ್ಲರಿಗೂ ವಂದನೆಗಳು. ನಿನ್ನೆ ರಾತ್ರಿ ಕರೆಂಟ್ ಹೋಗುವ ಮುಂಚೆ ಕೊನೆಯ ಹತ್ತು ನಿಮಿಷವನ್ನು ಮತ್ತೆ ನೋಡಿದೆ. ಸಾರಾ ತನ್ನ ಹೊಸ ಕಾದಂಬರಿಯನ್ನು ಜಾನ್‌ಗೆ ಗೊತ್ತಿಲ್ಲದಂತೆ ಬೇರೆ ಪ್ರಕಾಶಕರಿಂದ ಅಚ್ಚು ಹಾಕಿಸಿ, ಅವನ ಮೇಜಿನ ಮೇಲೆ ಇಡುತ್ತಾಳೆ; ಮೊದಲ ಸಲ ಇದನ್ನು ನಾನು ಗಮನಿಸಿಯೇ ಇರಲಿಲ್ಲ. ಆಮೇಲೆ ಮನೆಯ ಮಾಳಿಗೆಯಿಂದ ಅವಳು ಕೆಳಗೆ ಕೊಳದ ಬಳಿಯಿರುವ ಹುಡುಗಿಗೆ ಕೈ ಬೀಸುತ್ತಾಳೆ. ಅಲ್ಲಿ ಒಮ್ಮೆ ಜೂಲಿಯಾ, ಒಮ್ಮೆ ಜೂಲಿ. ಎರಡು ಮುಖಕ್ಕೂ ಅವಳು ಒಂದೇ ಪ್ರೀತಿಯಿಂದ ಕೈ ಬೀಸುತ್ತಾಳಾದ್ದರಿಂದ, ಹೊಸನಗರದವರು ಕ್ಷಮಿಸಲಿ, ನಾನು ಸದ್ಯಕ್ಕೆ ತಾಳಮದ್ದಳೆಯ ಪಕ್ಷ.