ರನ್ನನ ದುರ್ಯೋಧನನನ್ನು ಆಟ ಮಾಡಿದೆ, ಮಕ್ಕಳೆಲ್ಲ ‘ಸಂಧಿ’ ಒತ್ತುತ್ತಿದ್ದಾರೆ!

ಹೈಸ್ಕೂಲ್ ಕನ್ನಡ ಮೇಷ್ಟ್ರು:
ಹತ್ತನೇ ತರಗತಿಗೆ ರನ್ನನ ‘ಛಲಮನೆ ಮೆರೆವೆಂ’ ಪಾಠ ಮಾಡಬೇಕು. ಹಳಗನ್ನಡ ಅಂದರೆ ಹಿಂದಿನ ಬೆಂಚು ಆಕಳಿಸುತ್ತೆ. ಅದಕ್ಕೇ ಈ ಸಲ ಟ್ವೈನ್‌ನಲ್ಲಿ (ಆಯ್ಕೆ ಒತ್ತುತ್ತಾ ಸಾಗುವ ಕಥೆಯಾಟ ಕಟ್ಟುವ ತಂತ್ರಾಂಶ) ಒಂದು ಆಟ ಮಾಡಿದೆ. ಆಡುವವರೇ ದುರ್ಯೋಧನ. ಸಂಜಯನ ಜೊತೆ ರಣರಂಗದಲ್ಲಿ ನಡೆಯಬೇಕು. ದ್ರೋಣ, ಅಭಿಮನ್ಯು, ದುಶ್ಶಾಸನ, ಕರ್ಣ, ಒಬ್ಬೊಬ್ಬರ ಹೆಣದ ಮುಂದೆ ಒಂದೊಂದು ಪುಟ. ಕೊನೆಗೆ ಶರಶಯ್ಯೆ ಮೇಲಿನ ಭೀಷ್ಮ. ಅಲ್ಲಿ ಎರಡು ಆಯ್ಕೆ: ಸಂಧಿ, ಇಲ್ಲವೇ ಯುದ್ಧ.

ಲ್ಯಾಬಿನಲ್ಲಿ ಕೆಲಸ ಮಾಡುವ ಕಂಪ್ಯೂಟರ್ 6, ಮಕ್ಕಳು 38. ಗುಂಪು ಮಾಡಿ ಕೂರಿಸಿದೆ. ಆರೂ ಗುಂಪಿನವರು ‘ಸಂಧಿ’ ಒತ್ತಿಬಿಟ್ಟರು. ಐದೇ ನಿಮಿಷದಲ್ಲಿ ಕುರುಕ್ಷೇತ್ರ ಸುಖಾಂತ! ಆ ಆಯ್ಕೆ ತೆಗೆದರೆ ಅದು ಆಟವೇ ಅಲ್ಲ, ಇಟ್ಟರೆ ರನ್ನನೇ ಉಳಿಯಲ್ಲ, ಅವನ ದುರ್ಯೋಧನ ಸಂಧಿಗೆ ಒಪ್ಪುವವನೇ ಅಲ್ಲ. ಏನು ಮಾಡಲಿ?

ಇನ್ನೊಂದು ತಲೆನೋವು. ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದ ಪದ್ಯ ಅಂಟಿಸಿದರೆ ಏನೇನೋ ಗುರುತು ಬರುತ್ತಿವೆ.

ಕೋಡ್ ಬರೆಯುವವಳು:
ಸರ್, ಸುಲಭದ್ದು ಮೊದಲು. ನಿಮ್ಮ ಹಳೇ ಫೈಲು ಯೂನಿಕೋಡ್‌ನಲ್ಲಿ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಇಲ್ಲ. ನುಡಿಯ ಜೊತೆಗೇ ಪರಿವರ್ತಕ ಬರುತ್ತೆ, ಅದರಲ್ಲಿ ಬದಲಿಸಿ ಅಂಟಿಸಿ. ಆಟ ಮುಗಿದ ಮೇಲೆ ಒಂದೇ ಎಚ್‌ಟಿಎಂಎಲ್ ಫೈಲು, ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋದರೆ ಸಾಕು. ಇಂಟರ್‌ನೆಟ್ ಬೇಡ.

ಇನ್ನು ಸಂಧಿ. ತೆಗೀಬೇಡಿ. ‘ಛಲ’ ಅಂತ ಒಂದು ವೇರಿಯೇಬಲ್, ಅಂದರೆ ಆಟದೊಳಗೆ ಲೆಕ್ಕ ಇಡೋ ಹೆಸರು, ಇಡಿ, ಪ್ರತಿ ಹೆಣದ ಮುಂದೆ ಒಂದೊಂದು ಜಾಸ್ತಿ ಆಗಲಿ. ಭೀಷ್ಮನ ಹತ್ತಿರ ಬರುವಾಗ ‘ಸಂಧಿ’ ಕಾಣಲಿ, ಒತ್ತಲೂ ಬರಲಿ. ಆದರೆ ಒತ್ತಿದಾಗ ಸಂಧಿಯ ಪುಟ ಬೇಡ, ಪದ್ಯದ ಪುಟ ಬರಲಿ. ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಪಾಳು ನೆಲ ಅಂತಾನಲ್ಲ, ಅದು. ಓದಿ ವಾಪಸ್ ಅದೇ ಆಯ್ಕೆಗೆ.

ನಿವೃತ್ತ ಮೇಷ್ಟ್ರು:
ನನಗೆ ಈ ಕಂಪ್ಯೂಟರ್ ಸಹವಾಸ ಅಷ್ಟಕ್ಕಷ್ಟೇ. ಮಕ್ಕಳು ಪದ್ಯ ಓದದೆ ಸುಮ್ನೆ ಒತ್ತುತ್ತಾ ಹೋಗಲ್ವಾ? ಮೊದಲು ನೀವೇ ಗಟ್ಟಿಯಾಗಿ ಓದಿ, ಕಿವಿಗೆ ಬೀಳಲಿ. ಆಮೇಲೆ ಆಟ. ಅಂಕ, ಗೆಲುವು ಅಂತ ಮಾತ್ರ ಇಡಬೇಡಿ ಮಾರಾಯ್ರೆ.

ಅಭಿಮನ್ಯುವಿನ ಪುಟದಲ್ಲಿ ಏನಿಟ್ಟಿದ್ದೀರಿ? ಸತ್ತಿರೋದು ಶತ್ರುವಿನ ಮಗ. ಆದರೂ ಅವನಿಗೆ ಕೈ ಮುಗಿದು, ನಿನ್ನ ಸಾಹಸದ ಒಂದು ಪಾಲಾದರೂ ಇರೋ ಸಾವು ನನಗೆ ಬರಲಿ ಅಂತಾನೆ ದುರ್ಯೋಧನ. ಅದನ್ನು ಬಿಟ್ಟರೆ ಬರೀ ಖಳನಾಯಕ ಉಳೀತಾನೆ.

ಹೈಸ್ಕೂಲ್ ಕನ್ನಡ ಮೇಷ್ಟ್ರು:
ಸರ್, ಅಭಿಮನ್ಯು ಪುಟದಲ್ಲಿ ಇದ್ದದ್ದು ‘ಮುಂದೆ ನಡೆ’ ಅಷ್ಟೇ. ನಾಚಿಕೆ ಆಯ್ತು. ಈಗ ‘ಕೈ ಮುಗಿ’ ಸೇರಿಸಿದ್ದೇನೆ.

ಪದ್ಯ ಮೊದಲು ಓದಿ, ನಿನ್ನೆ ಮತ್ತೆ ಆಡಿಸಿದೆ. ಒಂದು ಹುಡುಗಿ ‘ಸಂಧಿ’ ನಾಲ್ಕು ಸಲ ಒತ್ತಿ, “ಸರ್, ಬಟನ್ ಕೆಟ್ಟಿದೆ” ಅಂದಳು. ಪಕ್ಕದವನು ತಿರುಗಿ ಪರದೆ ಓದಿದ: “ದಿನಪಸುತ ಅಂದ್ರೆ ಕರ್ಣ ಕಣೇ. ಅದಕ್ಕೇ ಬಿಡ್ತಿಲ್ಲ.” ನಾನಿನ್ನೂ ಆ ಪದದ ಅರ್ಥ ಹೇಳಿರಲಿಲ್ಲ.

ಕರ್ಣನ ಪುಟ ಇನ್ನೂ ನಾಲ್ಕೇ ಸಾಲು. ಶನಿವಾರ ಮಕ್ಕಳ ಕೈಯಲ್ಲೇ ಬರೆಸಬೇಕು.