ಕಂಪ್ಯೂಟರ್ ಲ್ಯಾಬ್: ಪಾಠವಿಲ್ಲದ ಹೊತ್ತಿನಲ್ಲೂ ‘ಪ್ರಯೋಗಾಲಯ’ವೇ?

ಮಾನ್ಯರೇ,

ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬನ್ನು ಫಲಕಗಳಲ್ಲಿಯೂ ಸುತ್ತೋಲೆಗಳಲ್ಲಿಯೂ ‘ಗಣಕಯಂತ್ರ ಪ್ರಯೋಗಾಲಯ’ ಎಂದು ಬರೆಯುವ ರೂಢಿಯಿದೆ. ಪ್ರಾಯೋಗಿಕ ತರಗತಿ ನಡೆಯುವಾಗ ಈ ಹೆಸರು ಒಪ್ಪುತ್ತದೆ. ಆದರೆ ತರಗತಿಯಿಲ್ಲದ ಹೊತ್ತಿನಲ್ಲಿ ವಿದ್ಯಾರ್ಥಿಗಳು ಅದೇ ಕೊಠಡಿಗೆ ಬರುವುದು ಪ್ರಬಂಧ ಬರೆಯಲು, ಗ್ರಂಥಾಲಯವು ಚಂದಾ ಕಟ್ಟಿ ತರಿಸುವ ವಿದ್ವತ್ಪತ್ರಿಕೆಗಳನ್ನು ಓದಲು, ದುಬಾರಿಯಾದ ಸಂಖ್ಯಾಶಾಸ್ತ್ರದ ತಂತ್ರಾಂಶ ಬಳಸಲು, ಬರೆದದ್ದನ್ನು ಮುದ್ರಿಸಿಕೊಳ್ಳಲು. ಸ್ವಂತ ಕಂಪ್ಯೂಟರ್ ಇಲ್ಲದವರಿಗಂತೂ ಅದು ಅನಿವಾರ್ಯವಾದ ಜಾಗ. ಈ ಬಳಕೆಗೆ ಹೊಂದುವ ಕನ್ನಡದ ಹೆಸರು ಯಾವುದಾಗಬೇಕು ಎಂಬುದು ನನ್ನ ಪ್ರಶ್ನೆ.

ಈಗಿನ ಹೆಸರಿನಿಂದ ತೊಡಕೂ ಇದೆ. ವಿದ್ಯಾರ್ಥಿಗಳ ಮಾತಿನಲ್ಲಿ ‘ಇವತ್ತು ಲ್ಯಾಬ್ ಇದೆ’ ಎಂದರೆ ಪ್ರಾಯೋಗಿಕ ತರಗತಿಯಿದೆ ಎಂದರ್ಥವೇ ಹೊರತು, ಕೊಠಡಿಯ ಬಾಗಿಲು ತೆರೆದಿದೆ ಎಂದಲ್ಲ. ಹೀಗಿರುವಾಗ ‘ಪ್ರಯೋಗಾಲಯದ ಸಮಯ’ ಎಂಬ ಸೂಚನೆಯನ್ನು ಓದುವ ಇತಿಹಾಸದ ವಿದ್ಯಾರ್ಥಿನಿ, ಅದು ವಿಜ್ಞಾನದವರ ವೇಳಾಪಟ್ಟಿಯೆಂದು ತಿಳಿದು ಹಿಂದಿರುಗಿದರೆ ತಪ್ಪು ಅವಳದಲ್ಲ.

ಇಂಗ್ಲಿಷಿನ ‘ಲ್ಯಾಬೊರೇಟರಿ’ಗೆ ಮೂಲವಾದ ಲ್ಯಾಟಿನ್ ಪದಕ್ಕೆ ದುಡಿಮೆಯ ತಾಣವೆಂಬ ಅರ್ಥವಿತ್ತು, ನಮ್ಮ ‘ಪ್ರಯೋಗಾಲಯ’ಕ್ಕೆ ಆ ಹರವಿಲ್ಲ. ಇಂಗ್ಲಿಷಿನಲ್ಲಿಯೂ ‘ಲ್ಯಾಬ್’ ಒಂದೇ ನಿಂತಿಲ್ಲ. 1983ರಲ್ಲಿ ವಿದ್ಯಾರ್ಥಿಗಳ ಕಲಿಕೆಗೆ ಆವರಣದುದ್ದಕ್ಕೂ ಕಂಪ್ಯೂಟರ್ ಒದಗಿಸುವ ಅಥೀನಾ ಯೋಜನೆಯನ್ನು ಆರಂಭಿಸಿದ ಅಮೆರಿಕದ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯಲ್ಲಿ ಇಂಥ ಕೊಠಡಿಗಳಿಗೆ ‘ಕ್ಲಸ್ಟರ್’ ಎಂಬ ಹೆಸರು ನಡೆಯಿತು. 1990ರ ದಶಕದಿಂದ ಅಮೆರಿಕದ ಗ್ರಂಥಾಲಯಗಳು ಕಂಪ್ಯೂಟರುಗಳನ್ನೂ ಓದುವ ಮೇಜುಗಳನ್ನೂ ಒಂದೆಡೆ ಸೇರಿಸಿ ಮೊದಲು ‘ಇನ್ಫರ್ಮೇಶನ್ ಕಾಮನ್ಸ್’ ಎಂದೂ ಬಳಿಕ ‘ಲರ್ನಿಂಗ್ ಕಾಮನ್ಸ್’ ಎಂದೂ ಕರೆದವು. ‘ಕಾಮನ್ಸ್’ ಎಂಬುದು ನಮ್ಮ ಗೋಮಾಳದಂತೆ ಊರಿನವರೆಲ್ಲರಿಗೂ ಹಕ್ಕಿದ್ದ ನೆಲ. ಎಲ್ಲರಿಗೂ ಸೇರಿದ್ದು ಎಂಬ ಆ ದನಿಯನ್ನು ಕನ್ನಡದ ಹೆಸರೂ ಹೊರಬೇಕೆಂದು ನನ್ನ ಆಸೆ.

ನನಗೆ ಹೊಳೆದ ರೂಪಗಳಲ್ಲಿ ‘ಗಣಕ ಅಧ್ಯಯನ ಕೊಠಡಿ’ಯನ್ನು ಕಂಪ್ಯೂಟರನ್ನೇ ಅಧ್ಯಯನ ಮಾಡುವ ಕೊಠಡಿ ಎಂದು ಅರ್ಥಮಾಡಿಕೊಳ್ಳುವ ಅಪಾಯವಿದೆ. ‘ವಾಚನಾಲಯ’ ಎಂದೊಡನೆ ದಿನಪತ್ರಿಕೆಗಳ ಮೇಜು ನೆನಪಾಗುತ್ತದೆ. ‘ಕಮ್ಮಟ’ ಸುಂದರವಾದ ಪದ, ಆದರೆ ಅದೀಗ ಕೆಲವು ದಿನ ನಡೆದು ಮುಗಿಯುವ ಶಿಬಿರವನ್ನು ಸೂಚಿಸುತ್ತದೆ. ನನ್ನ ಒಲವು ‘ಕಂಪ್ಯೂಟರ್ ಓದುಮನೆ’ಯ ಕಡೆಗಿದೆ. ‘ಅವಳು ಎಂ.ಎ. ಓದುತ್ತಿದ್ದಾಳೆ’ ಎನ್ನುವಾಗ ‘ಓದು’ ಎಂಬುದು ಪುಸ್ತಕ ಹಿಡಿಯುವುದಕ್ಕಷ್ಟೇ ಸೀಮಿತವಲ್ಲ. ಬರೆಯುವುದು, ಲೆಕ್ಕ ಬಿಡಿಸುವುದು, ಚರ್ಚಿಸುವುದು ಎಲ್ಲವೂ ಅದರಲ್ಲಿ ಅಡಗಿವೆ. ‘ಮನೆ’ಯೂ ಅಡುಗೆಮನೆ, ದೇವರಮನೆಗಳಲ್ಲಿ ಕೋಣೆಯೆಂಬ ಅರ್ಥದಲ್ಲಿಯೇ ಇದೆ. ‘ಗಣಕ’ದ ಬದಲು ‘ಕಂಪ್ಯೂಟರ್’ ಇಟ್ಟದ್ದು ಉದ್ದೇಶಪೂರ್ವಕ: ಫಲಕವನ್ನು ಓದುವವರ ಬಾಯಲ್ಲಿರುವ ಪದ ಅದೇ.

ಪ್ರಾಯೋಗಿಕ ತರಗತಿಯ ಅವಧಿಗೆ ‘ಪ್ರಯೋಗಾಲಯ’ವನ್ನು ಹಾಗೆಯೇ ಉಳಿಸಿಕೊಂಡು, ಉಳಿದ ಹೊತ್ತಿಗೆ ‘ಓದಿನ ವೇಳೆ’ ಎಂದು ಪ್ರತ್ಯೇಕವಾಗಿ ನಮೂದಿಸಿದರೆ ಗೊಂದಲ ನೀಗೀತೆ? ಆಡಳಿತದ ಬರವಣಿಗೆಯಲ್ಲಿ ‘ಓದುಮನೆ’ ಸಲ್ಲುತ್ತದೆಯೆ, ಅಥವಾ ‘ಓದುಕೋಣೆ’ ಎಂದರೆ ಹೆಚ್ಚು ಸ್ಪಷ್ಟವೆ? ಕಾಲೇಜುಗಳಲ್ಲಿ ಇಂಥ ಕೊಠಡಿಗೆ ಬೇರೆ ಕನ್ನಡ ಹೆಸರು ಈಗಾಗಲೇ ಬಳಕೆಯಲ್ಲಿದ್ದರೆ, ಅದನ್ನು ಬಳಸಿದ ವಾಕ್ಯದೊಡನೆ ತಿಳಿಸಬೇಕೆಂದು ಬಲ್ಲವರಲ್ಲಿ ವಿನಂತಿ.