ನಲವತ್ತೇಳರ ವಯಸ್ಸಿನಲ್ಲಿ ಎಸಿಎಲ್ ಶಸ್ತ್ರಚಿಕಿತ್ಸೆ: ಮಾಡಿಸಿಕೊಂಡವರ, ಮಾಡಿಸದೆ ಬಿಟ್ಟವರ ಅನುಭವ

ಪ್ರಶ್ನೆ, ಯಾದಗಿರಿಯ ದೈಹಿಕ ಶಿಕ್ಷಕರಿಂದ:

ನನಗೆ 47 ವರ್ಷ. ಎರಡು ತಿಂಗಳ ಹಿಂದೆ ಮಕ್ಕಳಿಗೆ ಖೋಖೋ ಹೇಳಿಕೊಡುವಾಗ ಊರಿದ ಬಲಗಾಲಿನ ಮೇಲೆ ಮೈ ತಿರುಗಿ, ಮೊಣಕಾಲಿನೊಳಗೆ ‘ಟಕ್’ ಎಂದಿತು. ಎಸಿಎಲ್ (ಮೊಣಕಾಲನ್ನು ಒಳಗಿನಿಂದ ಹಿಡಿದಿಡುವ ನಾರು) ಪೂರ್ತಿ ಹರಿದಿದೆ, ಮಿನಿಸ್ಕಸ್ (ಮೊಣಕಾಲಿನ ಎಲುಬುಗಳ ನಡುವಿನ ಮೆತ್ತೆ) ಸರಿಯಿದೆ ಎಂದು ಎಂಆರ್‌ಐ ವರದಿ ಬಂದಿದೆ. ಊತ ಇಳಿದಿದೆ, ನಡೆಯಬಲ್ಲೆ. ಆದರೆ ಮೆಟ್ಟಿಲು ಇಳಿಯುವಾಗ ಕಾಲು ಜಾರಿದಂತಾಗುತ್ತದೆ. ವೈದ್ಯರು ಆಪರೇಷನ್ ಮಾಡಿಸಿ ಎನ್ನುತ್ತಾರೆ, ಮನೆಯವರು ಈ ವಯಸ್ಸಿನಲ್ಲಿ ಅದೆಲ್ಲ ಏಕೆ ಎನ್ನುತ್ತಾರೆ. ಮಾಡಿಸಿಕೊಂಡವರ ಕಾಲು ಹತ್ತು ವರ್ಷದ ಮೇಲೆ ಹೇಗಿದೆ ಎಂಬುದನ್ನು ದಯವಿಟ್ಟು ತಿಳಿಸಬೇಕು.

ಕಲಬುರಗಿಯ ಬ್ಯಾಂಕ್ ನೌಕರರಿಂದ:

ಮಾಸ್ತರರೇ, ನಾನು 44ನೇ ವಯಸ್ಸಿನಲ್ಲಿ ಸೊಲ್ಲಾಪುರಕ್ಕೆ ಹೋಗಿ ಮಾಡಿಸಿಕೊಂಡೆ. ಈಗ ನನಗೆ 55. ತೊಡೆಯ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್ ಸ್ನಾಯುರಜ್ಜನ್ನು ತೆಗೆದು ಹರಿದ ಎಸಿಎಲ್ ಇದ್ದ ಜಾಗದಲ್ಲಿ ಕೂರಿಸಿದರು. ಈ ಹನ್ನೊಂದು ವರ್ಷಗಳಲ್ಲಿ ಕಾಲು ಒಮ್ಮೆಯೂ ಜಾರಿಲ್ಲ. ಆದರೆ ನೋವೇ ಇಲ್ಲವೆಂದರೆ ಸುಳ್ಳು ಹೇಳಿದಂತಾದೀತು. ಬೆಳಿಗ್ಗೆ ಎದ್ದಾಗ ಮೊಣಕಾಲು ಬಿಗಿದುಕೊಂಡಿರುತ್ತದೆ, ಶರಣಬಸವೇಶ್ವರ ಜಾತ್ರೆಯಲ್ಲಿ ಮೂರು ತಾಸು ನಿಂತರೆ ರಾತ್ರಿ ಬಾವು ಬರುತ್ತದೆ, ಕಳೆದ ವರ್ಷದ ಎಕ್ಸ್‌ರೇಯಲ್ಲಿ ಒಳಬದಿಯ ಸವೆತ ಶುರುವಾಗಿದೆ ಎಂದೂ ಹೇಳಿದ್ದಾರೆ. ಬೈಕಿನಿಂದ ಬಿದ್ದ ದಿನವೇ ನನ್ನ ಮಿನಿಸ್ಕಸ್ ಕೂಡ ಹರಿದಿತ್ತು. ಹೊಲಿಯಲು ಬಾರದ ತುಂಡನ್ನು ಕತ್ತರಿಸಿ ತೆಗೆದಿದ್ದರು. ಈಗ ಸವೆತ ಕಾಣಿಸಿಕೊಂಡಿರುವುದು ಅದೇ ಬದಿಯಲ್ಲಿ. ಆದ್ದರಿಂದ ನಿಮ್ಮ ವರದಿಯಲ್ಲಿ ಮಿನಿಸ್ಕಸ್ ಸರಿಯಿದೆ ಎಂದಿರುವ ಒಂದು ಸಾಲು, ನನ್ನ ಲೆಕ್ಕದಲ್ಲಿ, ನಿಮ್ಮ 47ಕ್ಕಿಂತ ದೊಡ್ಡ ಸಂಗತಿ. ಆಪರೇಷನ್ ನನಗೆ ಸ್ಥಿರವಾದ ಕಾಲು ಕೊಟ್ಟಿತು, ಹಳೆಯ ಮೊಣಕಾಲನ್ನು ಕೊಡಲಿಲ್ಲ.

ಹುಮನಾಬಾದಿನ ತಾಯಿಯೊಬ್ಬರಿಂದ:

ಸಣ್ಣ ವಯಸ್ಸಾದರೆ ಎಲ್ಲವೂ ಸಲೀಸು ಎಂದು ನಾವೂ ತಿಳಿದಿದ್ದೆವು. ಕಬಡ್ಡಿ ಆಡುವ ನನ್ನ ಮಗನಿಗೆ 17ನೇ ವಯಸ್ಸಿನಲ್ಲಿ ಬಲಗಾಲಿನ ಆಪರೇಷನ್ ಆಯಿತು. ಆರು ತಿಂಗಳಿಗೆಲ್ಲ ಓಡಾಡುತ್ತಿದ್ದುದನ್ನು ಕಂಡು, ಫಿಸಿಯೋ ಬೇಡವೆಂದರೂ ಅಂಕಣಕ್ಕೆ ಇಳಿದ. ವರ್ಷ ತುಂಬುವುದರೊಳಗೆ ಎಡಗಾಲಿನ ಎಸಿಎಲ್ ಹರಿಯಿತು. ಆಪರೇಷನ್ ಆದ ಕಾಲನ್ನು ಕಾಯುವ ಭರದಲ್ಲಿ ಇನ್ನೊಂದು ಕಾಲನ್ನು ಯಾರೂ ನೋಡಿರಲಿಲ್ಲ. ಮಾಸ್ತರರು ಮಕ್ಕಳಿಗೆ ಆಟ ಕಲಿಸುವವರಾದ್ದರಿಂದ ಇದನ್ನು ಬರೆದೆ.

ಕಲಬುರಗಿಯ ಫಿಸಿಯೋಥೆರಪಿಸ್ಟ್ ಒಬ್ಬರಿಂದ:

ಆ ತಾಯಿ ಹೇಳಿದ್ದು ಅಪರೂಪದ ಕಥೆಯಲ್ಲ. ಆಪರೇಷನ್ ನಂತರ ಮತ್ತೆ ಆಟಕ್ಕೆ ಮರಳಿದ, 25 ವರ್ಷದೊಳಗಿನವರಲ್ಲಿ ಶೇಕಡಾ 23ರಷ್ಟು ಮಂದಿಗೆ ಅದೇ ಕಾಲಿನಲ್ಲೋ ಇನ್ನೊಂದು ಕಾಲಿನಲ್ಲೋ ಎರಡನೆಯ ಬಾರಿ ಎಸಿಎಲ್ ಹರಿದಿರುವುದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡುಬಂದಿದೆ. ಕನಿಷ್ಠ ಒಂಬತ್ತು ತಿಂಗಳು ಕಾಯಿರಿ, ಎರಡೂ ತೊಡೆಗಳ ಬಲ ಸಮವಾಗುವವರೆಗೆ ಆಡಬೇಡಿ ಎಂದು ನಾವು ಹೇಳುವುದು ಅದಕ್ಕೇ.

ನಲವತ್ತು ದಾಟಿದವರಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಕೂರಿಸಿದ ನಾರು ಮತ್ತೆ ಹರಿಯುವುದು ಕಡಿಮೆ, ಕಾಲಿನ ಸ್ಥಿರತೆಯಲ್ಲಿಯೂ ಕಿರಿಯರಿಗಿಂತ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಆದರೆ ಮೃದ್ವಸ್ಥಿ (ಎಲುಬಿನ ತುದಿಯ ನುಣುಪಾದ ಪದರ) ಮೊದಲೇ ಸವೆದಿದ್ದರೆ ಆ ನೋವು ಉಳಿದುಕೊಳ್ಳುತ್ತದೆ. ಆದ್ದರಿಂದ ವೈದ್ಯರನ್ನು ಕೇಳಬೇಕಾದ ಮೊದಲ ಪ್ರಶ್ನೆ ಮೃದ್ವಸ್ಥಿಯ ಸ್ಥಿತಿ ಹೇಗಿದೆ ಎಂಬುದು. ನಾರನ್ನು ಎಲ್ಲಿಂದ ತೆಗೆಯುತ್ತಾರೆ ಎಂಬುದನ್ನೂ ಕೇಳಿ: ಮೊಣಚಿಪ್ಪಿನ ಕೆಳಗಿನಿಂದ ತೆಗೆದರೆ ಮಂಡಿಯೂರಿ ಕೂರುವಾಗ ನೋವು ಬರಬಹುದು, ನಮಾಜು ಮಾಡುವವರಿಗೂ ವಜ್ರಾಸನ ಹಾಕುವವರಿಗೂ ಇದು ಸಣ್ಣ ಮಾತಲ್ಲ.

ಆಪರೇಷನ್ ತಕ್ಷಣವೇ ಬೇಕೇ ಎಂದು ಕೇಳಿದರೆ, ಸ್ವೀಡನ್ನಿನಲ್ಲಿ 121 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೂಡಲೇ ಆಪರೇಷನ್ ಮಾಡಿ, ಇನ್ನೊಂದಕ್ಕೆ ಮೊದಲು ವ್ಯಾಯಾಮ ಕೊಟ್ಟು, ಅಗತ್ಯವೆನಿಸಿದವರಿಗೆ ಮಾತ್ರ ಆಮೇಲೆ ಮಾಡಿದರು. ಐದು ವರ್ಷಗಳ ಹೊತ್ತಿಗೆ ಎರಡನೆಯ ಗುಂಪಿನ ಅರ್ಧದಷ್ಟು ಜನ ಆಪರೇಷನ್ ಮಾಡಿಸಿಕೊಂಡಿದ್ದರು, ಉಳಿದರ್ಧ ಜನರಿಗೆ ಅದು ಬೇಕಾಗಲಿಲ್ಲ. ಎರಡೂ ಗುಂಪಿನ ಮೊಣಕಾಲುಗಳ ಸ್ಥಿತಿಯಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಅವರೆಲ್ಲರೂ 18ರಿಂದ 35 ವರ್ಷದವರು ಎಂಬುದನ್ನು ಮರೆಯಬಾರದು. ಆದರೂ ವ್ಯಾಯಾಮಕ್ಕೆ ಮೊದಲ ಅವಕಾಶ ಕೊಡುವ ಮಾತು ನಿಮ್ಮ ವಯಸ್ಸಿಗೆ ಇನ್ನಷ್ಟು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಒಂದು ಎಚ್ಚರಿಕೆ: ಪದೇ ಪದೇ ಜಾರುವ ಕಾಲನ್ನು ಹಾಗೆಯೇ ಬಿಟ್ಟರೆ, ಇಂದು ಸರಿಯಿರುವ ಮಿನಿಸ್ಕಸ್ ನಾಳೆ ಹರಿಯಬಹುದು. ಮಾಸ್ತರರೇ, ವ್ಯಾಯಾಮವನ್ನು ಮೂರು ತಿಂಗಳು ಮಾಡಿ ನೋಡಬೇಕು; ಈ ಎರಡು ತಿಂಗಳು ಸರಿಯಾಗಿ ಮಾಡಿದ ಮೇಲೂ ಮೆಟ್ಟಿಲಿನಲ್ಲಿ ಕಾಲು ಜಾರುತ್ತಿದೆಯೇ?

ಶಹಾಪುರದ ರೈತರೊಬ್ಬರಿಂದ:

ನಾನು 52ರಲ್ಲಿ ಹರಿದುಕೊಂಡು ಮಾಡಿಸದೆ ಬಿಟ್ಟವನು, ಆರು ವರ್ಷವಾಯಿತು. ಸಮ ನೆಲದಲ್ಲಿ ಎಷ್ಟು ಬೇಕಾದರೂ ನಡೆಯುತ್ತೇನೆ. ತೊಗರಿ ಹೊಲದ ಬದು ದಾಟುವಾಗ, ಹೆಂಟೆಯ ಮೇಲೆ ಕಾಲಿಡುವಾಗ ಮಾತ್ರ ಕೋಲು ಬೇಕು. ನನ್ನ ಕೆಲಸಕ್ಕೆ ಇದು ಸಾಕು, ಆಟ ಕಲಿಸುವವರಿಗೆ ಸಾಲುತ್ತದೆಯೋ ಹೇಳಲಾರೆ.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ನಮಸ್ಕಾರ. ಫಿಸಿಯೋ ಅವರ ಪ್ರಶ್ನೆಗೆ ಉತ್ತರಿಸಲು ಸಂಕೋಚವಾಗುತ್ತದೆ. ಇಪ್ಪತ್ತು ವರ್ಷ ಮಕ್ಕಳಿಗೆ ಕವಾಯತು ಮಾಡಿಸಿದ ನಾನು, ಎರಡು ತಿಂಗಳಿಂದ ಬ್ರೇಸ್ ಕಟ್ಟಿಕೊಂಡು ಕುಳಿತಿದ್ದೇನೆ, ವ್ಯಾಯಾಮ ಶುರುವೇ ಮಾಡಿಲ್ಲ. ತೊಡೆ ಸೊರಗಿರುವುದು ಪ್ಯಾಂಟಿನಲ್ಲೇ ಕಾಣುತ್ತದೆ. ಸೋಮವಾರದಿಂದ ಆರಂಭಿಸುತ್ತೇನೆ. ಮೂರು ತಿಂಗಳ ಮೇಲೂ ಕಾಲು ಜಾರಿದರೆ, ಮಿನಿಸ್ಕಸ್ ಹರಿಯುವ ಮೊದಲೇ ಆಪರೇಷನ್‌ಗೆ ದಿನ ಕೇಳುತ್ತೇನೆ.